ಕಾರಿಗೆ ಕಬ್ಬಿನ ಟ್ರ್ಯಾಕ್ಟರ್ ಗೊತ್ತಾ?

ದೀಪಾವಳಿ ಮುಗಿದು ಸಕ್ಕರೆ ಕಾರ್ಖಾನೆಗಳು ಕಬ್ಬು ನುರಿಸಲು ಶುರು ಮಾಡಿದವೆಂದರೆ, ಪುಣೆಯಿಂದ ಕಾರಿನಲ್ಲಿ ಊರಿಗೆ ಹೊರಡುವ ನಮ್ಮಂಥವರಿಗೆ ಮನೆಯಿಂದ ಬರುವ ಫೋನಿನಲ್ಲಿ ಒಂದು ಮಾತು ಕಾಯಂ: ‘ಕತ್ತಲಾಗೂದ್ರಾಗ ಊರು ಮುಟ್ರಿ. ಕಬ್ಬಿನ ಗಾಡಿ ಭಾಳ ಅದಾವು.’

ನಿಪ್ಪಾಣಿ ದಾಟಿ ಚಿಕ್ಕೋಡಿ, ಗೋಕಾಕ, ಮುಧೋಳ, ಜಮಖಂಡಿ ಕಡೆ ತಿರುಗಿದರೆ ಆ ಮಾತಿನ ಅರ್ಥ ತಿಳಿಯುತ್ತದೆ. ಒಂದು ಟ್ರ್ಯಾಕ್ಟರ್, ಅದರ ಹಿಂದೆ ಎರಡು ಟ್ರೇಲರ್, ಎರಡರಲ್ಲೂ ಆಳೆತ್ತರ ಮೀರಿ ಹೇರಿದ ಕಬ್ಬು. ಅಕ್ಕಪಕ್ಕಕ್ಕೂ ಹಿಂದಕ್ಕೂ ಚಾಚಿಕೊಂಡ ಜಲ್ಲೆಗಳು. ಹಿಂದಿನ ಕೆಂಪು ದೀಪ ಇರುವುದಿಲ್ಲ, ಇದ್ದರೆ ಸೋಗೆಯಲ್ಲಿ ಮುಚ್ಚಿಹೋಗಿರುತ್ತದೆ. ಟೈರ್ ಪಂಕ್ಚರ್ ಆದರೆ ನಡುರಸ್ತೆಯಲ್ಲೇ ನಿಲ್ಲುತ್ತದೆ. ಸುತ್ತ ನಾಲ್ಕು ಕಲ್ಲು, ಅದೇ ಎಚ್ಚರಿಕೆಯ ಫಲಕ. ಈ ಭಾಗದಲ್ಲಿ ಬೆಳೆದವರಿಗೆ ಇದನ್ನು ಯಾರೂ ಪಾಠ ಹೇಳಿ ಕಲಿಸಿಲ್ಲ. ರಸ್ತೆಯ ಮೇಲೆ ಒಂದು ಕಡೆ ಕತ್ತಲು ಉಳಿದ ಕಡೆಗಿಂತ ದಪ್ಪಗಿದೆ ಅನ್ನಿಸಿದರೆ ಕಾಲು ತಾನಾಗಿಯೇ ಬ್ರೇಕಿನ ಮೇಲೆ ಹೋಗುತ್ತದೆ.

ಆ ದಪ್ಪ ಕತ್ತಲು ಕಾರಿಗೂ ಗೊತ್ತಾಗುತ್ತದೆಯೇ ಎಂದು ನೋಡುವುದು ನನ್ನ ಕೆಲಸ.

ನಮ್ಮ ಆಫೀಸು ಮಗರಪಟ್ಟಾದಲ್ಲಿ. ಹಡಪಸರ್ ಪಕ್ಕದ ಈ ಪುಟ್ಟ ನಗರ ಒಂದು ಕಾಲದಲ್ಲಿ ಹೊಲ. ಸುಮಾರು 120 ರೈತ ಕುಟುಂಬಗಳು 400ಕ್ಕೂ ಹೆಚ್ಚು ಎಕರೆ ಒಟ್ಟುಗೂಡಿಸಿ, ಭೂಮಿಯನ್ನು ಬಿಲ್ಡರ್‌ಗಳಿಗೆ ಮಾರದೆ ತಾವೇ ಪಾಲುದಾರರಾಗಿ ಕಟ್ಟಿಸಿದ್ದು. ಹಾಗೆ ಎದ್ದ ಗಾಜಿನ ಕಟ್ಟಡವೊಂದರಲ್ಲಿ ಕುಳಿತು ನಾವು ಕಾರುಗಳ ‘ಅಡಾಸ್’ ವ್ಯವಸ್ಥೆಯನ್ನು ಪರೀಕ್ಷೆ ಮಾಡುತ್ತೇವೆ. ಮುಂದೆ ಏನಾದರೂ ಅಡ್ಡ ಬಂದರೆ ತಾನೇ ಬ್ರೇಕ್ ಹಾಕುವುದು, ಲೇನ್ ಬಿಟ್ಟು ಸರಿದರೆ ಸ್ಟೇರಿಂಗ್ ಎಳೆಯುವುದು, ಮುಂದಿನ ಗಾಡಿಯಿಂದ ಅಂತರ ಕಾಯುವುದು, ಇವೆಲ್ಲ ಅದರೊಳಗೆ ಬರುತ್ತವೆ. ನಾಲ್ಕೈದು ವರ್ಷಗಳ ಹಿಂದೆ ದುಬಾರಿ ಕಾರುಗಳಲ್ಲಿ ಮಾತ್ರ ಇದ್ದದ್ದು ಈಗ ಮಧ್ಯಮ ವರ್ಗದ ಕಾರಿಗೂ ಬಂದಿದೆ. ಶೋರೂಮಿನಲ್ಲಿ ಸೇಲ್ಸ್‌ನವರು ‘ಸರ್, ಗಾಡಿ ತಾನೇ ಓಡುತ್ತೆ’ ಎಂದುಬಿಡುತ್ತಾರೆ. ಓಡುವುದಿಲ್ಲ. ಸೊನ್ನೆಯಿಂದ ಐದರವರೆಗಿನ ಸ್ವಯಂಚಾಲನೆಯ ಮೆಟ್ಟಿಲುಗಳಲ್ಲಿ ನಮ್ಮ ಮಾರುಕಟ್ಟೆಯ ಕಾರುಗಳು ಇರುವುದು ಹೆಚ್ಚೆಂದರೆ ಎರಡನೆಯದರಲ್ಲಿ. ಅಲ್ಲಿ ಹೊಣೆ ಪೂರ್ತಿ ಚಾಲಕನದೇ. ಹೆದ್ದಾರಿಯಲ್ಲಿ ಚಾಲಕನ ಸೀಟು ಬಿಟ್ಟು ಪಕ್ಕಕ್ಕೆ ಕುಳಿತು ರೀಲ್ಸ್ ಮಾಡುವವರನ್ನು ನೋಡಿದಾಗ ನನಗಂತೂ ಹೊಟ್ಟೆಯೊಳಗೆ ಕಲ್ಲು ಇಟ್ಟಂತಾಗುತ್ತದೆ.

ಕಾರ್ಖಾನೆಯ ರೋಬಾಟ್‌ಗೆ ಹೋಲಿಸಿದರೆ ಈ ಕೆಲಸ ಎಷ್ಟು ಬೇರೆ ಎಂಬುದು ಗೊತ್ತಾಗುತ್ತದೆ. ಪುಣೆಯ ಚಾಕಣ್ ಕಡೆ ಹೋದರೆ ವೆಲ್ಡಿಂಗ್ ರೋಬಾಟ್‌ಗಳ ಸಾಲುಗಳನ್ನೇ ನೋಡಬಹುದು. ಪ್ರತಿಯೊಂದಕ್ಕೂ ಬೇಲಿ. ಬೇಲಿಯ ಬಾಗಿಲು ತೆರೆದರೆ ವಿದ್ಯುತ್ ಕಡಿತ. 2015ರ ಆಗಸ್ಟ್‌ನಲ್ಲಿ ಹರಿಯಾಣದ ಮಾನೇಸರ್‌ನ ಕಾರ್ಖಾನೆಯೊಂದರಲ್ಲಿ ಯುವ ಕಾರ್ಮಿಕನೊಬ್ಬ, ಜರುಗಿದ್ದ ಲೋಹದ ಹಾಳೆಯನ್ನು ಸರಿಪಡಿಸಲು ರೋಬಾಟ್‌ನ ಹತ್ತಿರ ಹೋಗಿ ಅದರ ವೆಲ್ಡಿಂಗ್ ಕಡ್ಡಿಗೆ ಸಿಕ್ಕಿ ಜೀವ ಕಳೆದುಕೊಂಡ. ಬೇಲಿ ಏಕೆ ಬೇಕು ಎಂಬುದಕ್ಕೆ ಬೇರೆ ಉದಾಹರಣೆ ಬೇಕಿಲ್ಲ. ಆದರೆ ರಸ್ತೆಗೆ ಬೇಲಿ ಹಾಕಲಾಗುವುದಿಲ್ಲವಲ್ಲ. ಮನುಷ್ಯರು, ಎಮ್ಮೆಗಳು, ಮದುವೆಯ ದಿಬ್ಬಣ ಎಲ್ಲವೂ ಬೇಲಿಯೊಳಗೇ ಇರುವ ರೋಬಾಟ್ ಎಂದರೆ ಕಾರು.

ತಾನೇ ಬ್ರೇಕ್ ಹಾಕುವ ಕಾರು ಎರಡು ಥರ ತಪ್ಪಬಹುದು. ಹಾಕಬೇಕಾದಲ್ಲಿ ಹಾಕದೇ ಇರುವುದು ಒಂದು. ಅದು ಎಲ್ಲರಿಗೂ ತಿಳಿಯುತ್ತದೆ. ಏನೂ ಇಲ್ಲದಿದ್ದರೂ ಹಾಕಿಬಿಡುವುದು ಇನ್ನೊಂದು. ಮೇಲ್ಸೇತುವೆಯ ನೆರಳು, ರಸ್ತೆ ತಿರುವಿನ ಕಬ್ಬಿಣದ ತಡೆಗೋಡೆ, ಗಾಳಿಗೆ ಹಾರಿಬಂದ ಪ್ಲಾಸ್ಟಿಕ್ ಚೀಲ, ಇವನ್ನೆಲ್ಲ ಅಪಾಯವೆಂದು ತಿಳಿದು ಕಾರು ಗಕ್ಕನೆ ನಿಂತರೆ ಹಿಂದಿನವನ ಗತಿ ಏನು? ಕಾತ್ರಜ್ ಸುರಂಗ ದಾಟಿ ಪುಣೆಗೆ ಇಳಿಯುವ ನವಲೆ ಬ್ರಿಡ್ಜಿನ ಇಳಿಜಾರು ಇಲ್ಲಿನ ಕನ್ನಡಿಗರೆಲ್ಲರಿಗೂ ಪರಿಚಿತ. ಊರಿನಿಂದ ಬರುವಾಗ ಪುಣೆ ಬಂತು ಎನ್ನುವುದು ಅಲ್ಲೇ. 2022ರ ನವೆಂಬರ್ 20ರ ರಾತ್ರಿ ಅದೇ ಇಳಿಜಾರಿನಲ್ಲಿ ಒಂದು ಲಾರಿ ಹತೋಟಿ ತಪ್ಪಿ ಸಾಲುಸಾಲಾಗಿ ವಾಹನಗಳಿಗೆ ಗುದ್ದಿತು. ಜಖಂ ಆದ ವಾಹನಗಳು 48 ಎಂದು ವರದಿಯಾಯಿತು. ಬೆನ್ನಿಗೆ ಅಂಥ ಲಾರಿ ಇರುವಾಗ ನೆರಳಿಗೆ ಹೆದರಿ ಬ್ರೇಕ್ ಹಾಕುವ ಕಾರು ಯಾರಿಗೂ ಬೇಡ.

ಹಾಗಾಗಿ ಎಂಜಿನಿಯರುಗಳು ಯಂತ್ರಕ್ಕೆ ಸ್ವಲ್ಪ ಅನುಮಾನ ಕಲಿಸುತ್ತಾರೆ: ಕಂಡದ್ದನ್ನೆಲ್ಲ ನಂಬಬೇಡ, ಇನ್ನೊಮ್ಮೆ ನೋಡು. ಎಷ್ಟು ಹೊತ್ತು ನೋಡಬೇಕು ಎನ್ನುವುದರಲ್ಲಿ ಜೀವ ಇದೆ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿಗೆ 22 ಮೀಟರ್ ಹೋಗುತ್ತದೆ. ಒಣ ರಸ್ತೆಯಲ್ಲಿ ಪೂರ್ತಿ ಬ್ರೇಕ್ ಹಾಕಿದರೂ ನಿಲ್ಲಲು ಸುಮಾರು 30 ಮೀಟರ್ ಬೇಕು. ಅರ್ಧ ಸೆಕೆಂಡ್ ಅನುಮಾನಪಟ್ಟರೆ ಇನ್ನೂ 11 ಮೀಟರ್.

ಇದು ಬರೀ ಲೆಕ್ಕವಲ್ಲ. 2018ರ ಮಾರ್ಚ್ 18ರ ರಾತ್ರಿ ಅಮೆರಿಕದ ಅರಿಜೋನಾ ರಾಜ್ಯದ ಟೆಂಪಿ ನಗರದಲ್ಲಿ ಉಬರ್ ಕಂಪನಿಯ ಸ್ವಯಂಚಾಲಿತ ಪರೀಕ್ಷಾ ಕಾರು, ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಮಹಿಳೆಗೆ ಗುದ್ದಿತು. ಆಕೆ ಸತ್ತಳು. ಅಲ್ಲಿನ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ನಡೆಸಿದ ತನಿಖೆಯ ವರದಿಯನ್ನು ನಮ್ಮ ತಂಡಕ್ಕೆ ಹೊಸದಾಗಿ ಸೇರಿದ ಪ್ರತಿಯೊಬ್ಬರಿಗೂ ಓದಿಸುತ್ತೇನೆ. ಕಾರಿಗೆ ಆಕೆ ಕಾಣಲಿಲ್ಲ ಎಂದೇನಿಲ್ಲ. ಗುದ್ದುವ 5.6 ಸೆಕೆಂಡ್ ಮೊದಲೇ ಕಂಡಿದ್ದಳು. ಆದರೆ ವ್ಯವಸ್ಥೆ ಅವಳನ್ನು ಒಮ್ಮೆ ವಾಹನ ಎಂದಿತು, ಒಮ್ಮೆ ‘ಇತರೆ’ ಎಂದಿತು, ಮತ್ತೊಮ್ಮೆ ಸೈಕಲ್ ಎಂದಿತು. ಪ್ರತಿ ಸಲ ಹೆಸರು ಬದಲಾದಾಗಲೂ ಹಳೆಯ ಚಲನೆಯ ದಾಖಲೆಯನ್ನು ಪಕ್ಕಕ್ಕಿಟ್ಟು ಹೊಸದಾಗಿ ಲೆಕ್ಕ ಶುರು ಮಾಡಿತು. ಹಾಗಾಗಿ ಅವಳು ಎತ್ತ ಹೋಗುತ್ತಿದ್ದಾಳೆ ಎಂಬುದು ಅದಕ್ಕೆ ಕೊನೆಯವರೆಗೂ ಸರಿಯಾಗಿ ತಿಳಿಯಲಿಲ್ಲ. ಗುದ್ದುವುದು ಖಚಿತ ಎಂದು ಗೊತ್ತಾದಾಗ ಉಳಿದದ್ದು 1.2 ಸೆಕೆಂಡ್. ಆಗಲೂ ತಕ್ಷಣ ಬ್ರೇಕ್ ಬೀಳಲಿಲ್ಲ. ಹುಸಿ ಎಚ್ಚರಿಕೆಗಳ ಕಾಟ ತಪ್ಪಿಸಲು ಒಂದು ಸೆಕೆಂಡ್ ತಡೆಯಬೇಕೆಂದು ಅದನ್ನು ಮೊದಲೇ ಬರೆದಿಟ್ಟಿದ್ದರು. ಕಾರು ತಯಾರಿಸಿದವರೇ ಅಳವಡಿಸಿದ್ದ ತುರ್ತು ಬ್ರೇಕ್, ಸ್ವಯಂಚಾಲನೆ ನಡೆಯುವಾಗ ಕೆಲಸ ಮಾಡದಂತೆ ಇತ್ತು. ಕಾವಲಿಗೆ ಕುಳಿತಿದ್ದ ಚಾಲಕಿಯ ಕಣ್ಣು ಫೋನಿನ ಮೇಲಿತ್ತು.

ಆ ವರದಿಯಲ್ಲಿ ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ವಾಕ್ಯ. ರಸ್ತೆ ದಾಟುವ ಗುರುತಿಲ್ಲದ ಕಡೆಯೂ ಪಾದಚಾರಿಗಳು ದಾಟಬಹುದು ಎಂಬುದನ್ನು ಆ ವ್ಯವಸ್ಥೆ ಪರಿಗಣಿಸಿಯೇ ಇರಲಿಲ್ಲ. ಹಡಪಸರ್ ಗಾಡಿತಳದಲ್ಲಿ ಹತ್ತು ನಿಮಿಷ ನಿಂತವನಿಗೆ ಇಂಥ ವ್ಯವಸ್ಥೆಯನ್ನು ಕಲ್ಪಿಸಿಕೊಳ್ಳಲೂ ಆಗದು. ಆದರೆ ಅದನ್ನು ಬರೆದವರು ದಡ್ಡರಲ್ಲ. ಅವರ ಪಟ್ಟಿಯಲ್ಲಿ ಅದು ಇರಲಿಲ್ಲ, ಅಷ್ಟೆ. ಪಟ್ಟಿಯಲ್ಲಿ ಇಲ್ಲದ್ದಕ್ಕೆ ಪರೀಕ್ಷೆಯೂ ಇಲ್ಲ.

‘ಲಕ್ಷಾಂತರ ಕಿಲೋಮೀಟರ್ ಓಡಿಸಿ ನೋಡಿದರೆ ಎಲ್ಲ ಗೊತ್ತಾಗುವುದಿಲ್ಲವೇ’ ಎಂದು ಬಹಳ ಜನ ಕೇಳುತ್ತಾರೆ. ಅಮೆರಿಕದ ರ‍್ಯಾಂಡ್ ಸಂಸ್ಥೆ 2016ರಲ್ಲಿ ಆ ಲೆಕ್ಕವನ್ನೂ ಹಾಕಿತ್ತು. ಸಾವಿನ ಪ್ರಮಾಣದಲ್ಲಿ ಸ್ವಯಂಚಾಲಿತ ಕಾರು ಮನುಷ್ಯ ಚಾಲಕನಿಗಿಂತ ಕೆಟ್ಟದ್ದಲ್ಲ ಎಂದು ಸಾಕಷ್ಟು ಖಚಿತವಾಗಿ ಹೇಳಬೇಕಾದರೆ, ಒಂದೂ ಸಾವಿಲ್ಲದೆ ಸುಮಾರು 44 ಕೋಟಿ ಕಿ.ಮೀ. ಓಡಿಸಬೇಕು. ನೂರು ಕಾರುಗಳನ್ನು ಹಗಲು ರಾತ್ರಿ ನಿಲ್ಲಿಸದೆ ಗಂಟೆಗೆ 40 ಕಿ.ಮೀ. ವೇಗದಲ್ಲಿ ಓಡಿಸಿದರೂ ಹನ್ನೆರಡೂವರೆ ವರ್ಷ ಬೇಕು. ಅಷ್ಟರಲ್ಲಿ ಸಾಫ್ಟ್‌ವೇರ್ ಎಷ್ಟೋ ಸಲ ಬದಲಾಗಿರುತ್ತದೆ, ಲೆಕ್ಕ ಮತ್ತೆ ಮೊದಲಿನಿಂದ.

ಅದಕ್ಕೇ ಅಪಾಯವನ್ನು ಕಾಯುತ್ತ ಕೂರದೆ ನಾವೇ ತಯಾರಿಸುತ್ತೇವೆ. ಮೊದಲು ಕಂಪ್ಯೂಟರಿನೊಳಗೆ ರಸ್ತೆ ಕಟ್ಟುತ್ತೇವೆ. ಅದೇ ಸನ್ನಿವೇಶವನ್ನು ಮಳೆ ಹಾಕಿ, ಸೂರ್ಯನನ್ನು ಕ್ಯಾಮೆರಾದ ಕಣ್ಣಿಗೆ ನೇರ ಇಟ್ಟು, ಬೈಕಿನವನನ್ನು ಅರ್ಧ ಮೀಟರ್ ಆಚೀಚೆ ಸರಿಸಿ ಸಾವಿರಾರು ಸಲ ಓಡಿಸುತ್ತೇವೆ. ಆಮೇಲೆ ಕಾರಿನ ನಿಜವಾದ ಕಂಪ್ಯೂಟರ್ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು, ಅದು ತಾನು ರಸ್ತೆಯಲ್ಲೇ ಇದ್ದೇನೆಂದು ನಂಬುವಂತೆ ಸಿಗ್ನಲ್ ಕೊಡುತ್ತೇವೆ. ಕೊನೆಗೆ ಟ್ರ್ಯಾಕ್. ಪುಣೆಗೆ ಈ ವಿಷಯದಲ್ಲಿ ಹಳೆಯ ನಂಟಿದೆ. 1966ರಲ್ಲಿ ಶುರುವಾದ ಭಾರತೀಯ ಆಟೊಮೋಟಿವ್ ಸಂಶೋಧನಾ ಸಂಸ್ಥೆ, ಇಲ್ಲಿನವರ ಬಾಯಲ್ಲಿ ‘ಎಆರ್‌ಎಐ’, ಕೊಥ್ರೂಡ್‌ನ ಗುಡ್ಡದ ಮೇಲಿದೆ. ತಾಕ್ವೆಯಲ್ಲಿ ಅಡಾಸ್‌ಗೆಂದೇ ಪರೀಕ್ಷಾ ರಸ್ತೆಗಳನ್ನು ರೂಪಿಸಿದೆ. ಇಂಥ ಟ್ರ್ಯಾಕ್‌ಗಳಲ್ಲಿ ಮುಂದೆ ನಿಲ್ಲುವ ‘ಕಾರು’ ಸ್ಪಂಜಿನ ಹಲಗೆಗಳದ್ದು. ಗುದ್ದಿದರೆ ಬಿಡಿಬಿಡಿಯಾಗಿ ಉದುರುತ್ತದೆ, ಮತ್ತೆ ಜೋಡಿಸಿ ನಿಲ್ಲಿಸಬಹುದು. ಕೈಕಾಲು ಆಡಿಸುವ ಮನುಷ್ಯ ಗೊಂಬೆಯೂ ಇದೆ, ಮಗುವಿನ ಅಳತೆಯದೂ ಇದೆ. ಯುರೋಪಿನ ಎನ್‌ಕ್ಯಾಪ್ ಸ್ಟಾರ್ ಕೊಡುವಾಗ 2014ರಿಂದ ತುರ್ತು ಬ್ರೇಕನ್ನೂ 2016ರಿಂದ ಪಾದಚಾರಿ ಗೊಂಬೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡಿತು.

ಸ್ಪಂಜಿನ ಕಾರು ಚೆನ್ನಾಗಿಯೇ ಇದೆ. ಆದರೆ ಅದು ಯುರೋಪಿನ ರಸ್ತೆಯ ಕಾರು.

ಯಂತ್ರಕ್ಕೆ ತಾನು ಬೆಳೆದ ಊರಿನದಷ್ಟೇ ಗೊತ್ತು. ಸ್ವೀಡನ್ನಿನ ವೋಲ್ವೊದವರು ತಮ್ಮ ಕಾಡಿನ ಭಾರಿ ಜಿಂಕೆಗಳನ್ನು ಗುರುತಿಸಲು ಕಾರಿಗೆ ಕಲಿಸಿ ಆಸ್ಟ್ರೇಲಿಯಾಕ್ಕೆ ಒಯ್ದರೆ, ಅಲ್ಲಿ ಕಾಂಗರೂ ಎದುರಾಯಿತು. ನೆಗೆದಾಗ ಅದು ದೂರ ಇದ್ದಂತೆ, ನೆಲಕ್ಕಿಳಿದಾಗ ಹತ್ತಿರ ಬಂದಂತೆ ಕಾರಿಗೆ ಕಂಡು ಗೊಂದಲವಾಯಿತು. ಜರ್ಮನಿಯ ನಗರಗಳ ಚಿತ್ರಗಳಿಂದ ಮಾಡಿದ ಹೆಸರಾಂತ ತರಬೇತಿ ಸಂಗ್ರಹವೊಂದರಲ್ಲಿ ಆಟೊರಿಕ್ಷಾ ಎಂಬ ವರ್ಗವೇ ಇರಲಿಲ್ಲ. 2018ರಲ್ಲಿ ಹೈದರಾಬಾದಿನ ಐಐಐಟಿ ಮತ್ತು ಇಂಟೆಲ್ ಸೇರಿ ಭಾರತದ್ದೇ ಒಂದು ಸಂಗ್ರಹ ತಂದವು: ಹತ್ತು ಸಾವಿರ ಚಿತ್ರ, 182 ಪ್ರಯಾಣ, 34 ವರ್ಗ. ಕಾರು ಸುತ್ತಿದ್ದು ಹೈದರಾಬಾದಿನಲ್ಲಿ, ನಮ್ಮ ಬೆಂಗಳೂರಿನಲ್ಲಿ ಮತ್ತು ಅವುಗಳ ಹೊರವಲಯದಲ್ಲಿ. ಅದರಲ್ಲಿ ಆಟೊಗೂ ಜಾಗ ಸಿಕ್ಕಿತು, ಪ್ರಾಣಿಗಳಿಗೂ ಸಿಕ್ಕಿತು. ಡಾಂಬರಿನ ಅಂಚಿನಾಚೆಗಿನ ಮಣ್ಣಿಗೆ ‘ಅಗತ್ಯಬಿದ್ದರೆ ಓಡಿಸಬಹುದಾದ ನೆಲ’ ಎಂಬರ್ಥದ ಬೇರೆಯೇ ವರ್ಗ ಮಾಡಿದ್ದಾರೆ. ಎದುರಿನ ಬಸ್ಸಿಗಾಗಿ ಎಡಕ್ಕಿಳಿದು ನಿಂತವರಿಗೆಲ್ಲ ಆ ಹೆಸರು ಎಷ್ಟು ಸರಿ ಎಂಬುದು ಗೊತ್ತು.

ಒಳ್ಳೆಯ ಪರೀಕ್ಷೆ ಹೇಗಿರುತ್ತದೆ ಎಂದು ಯಾರಾದರೂ ಕೇಳಿದರೆ ನಾನು ಹೇಳುವುದು ಪುಣೆಯ ಉದಾಹರಣೆಯಲ್ಲ, ಚಿತ್ರದುರ್ಗ ಜಿಲ್ಲೆಯದು. ಚಂದ್ರನ ಮೇಲೆ ಇಳಿಯುವ ನೌಕೆಗೆ ಭೂಮಿಯಿಂದ ಸ್ಟೇರಿಂಗ್ ಹಿಡಿಯಲಾಗದು; ಸಿಗ್ನಲ್ ಹೋಗಿಬರಲೇ ಎರಡೂವರೆ ಸೆಕೆಂಡ್ ಬೇಕು. ಆದ್ದರಿಂದ ಕೊನೆಯ ನಿಮಿಷಗಳಲ್ಲಿ ವಿಕ್ರಮ್ ತಾನೇ ನೋಡಿ ತಾನೇ ಇಳಿಯಬೇಕು. ಅದರ ಸೆನ್ಸರ್‌ಗಳನ್ನು ಪರೀಕ್ಷಿಸಲು ಚಳ್ಳಕೆರೆ ಸಮೀಪದ ಉಳ್ಳಾರ್ತಿ ಕಾವಲಿನಲ್ಲಿ ಇಸ್ರೋ ಚಂದ್ರನ ಕುಳಿಗಳನ್ನೇ ತೋಡಿಸಿತ್ತು. ಲ್ಯಾಂಡರ್ ಕಾಲೂರುವುದನ್ನು ನೋಡಲು ಬೆಂಗಳೂರಿನಲ್ಲಿ ಕೃತಕ ಚಂದ್ರನ ಮಣ್ಣು ಹಾಸಿತ್ತು. ಆ ಮಣ್ಣಿನ ಕಲ್ಲು ತಮಿಳುನಾಡಿನ ಸೇಲಂ ಕಡೆಯಿಂದ ಬಂದದ್ದು. ಇಷ್ಟಾಗಿಯೂ 2019ರ ಸೆಪ್ಟೆಂಬರ್‌ನಲ್ಲಿ ಚಂದ್ರಯಾನ-2ರ ಲ್ಯಾಂಡರ್ ಅಪ್ಪಳಿಸಿತು. ಆಮೇಲೆ ಇಸ್ರೋ ಪ್ರಶ್ನೆಯನ್ನೇ ಬದಲಿಸಿತು. ಎಲ್ಲ ಸರಿ ಹೋದರೆ ಹೇಗೆ ಇಳಿಯುತ್ತದೆ ಎಂಬುದನ್ನು ಬಿಟ್ಟು, ಏನೇನು ಕೈಕೊಡಬಹುದು, ಕೊಟ್ಟರೂ ಇಳಿಯುವುದು ಹೇಗೆ ಎಂದು ಕೇಳಿತು. ಅಧ್ಯಕ್ಷರಾಗಿದ್ದ ಎಸ್. ಸೋಮನಾಥ್ ಇದನ್ನು ವೈಫಲ್ಯ ಆಧಾರಿತ ವಿನ್ಯಾಸ ಎಂದು ಕರೆದರು. ಇಳಿಯುವ ಜಾಗ 500 ಮೀಟರ್ ಚೌಕದಿಂದ 4 ಕಿ.ಮೀ. ಉದ್ದ, 2.4 ಕಿ.ಮೀ. ಅಗಲಕ್ಕೆ ಹಿಗ್ಗಿತು. ಕಾಲುಗಳು ಗಟ್ಟಿಯಾದವು, ಇಂಧನ ಹೆಚ್ಚಿತು, ವೇಗ ಅಳೆಯಲು ಹೊಸ ಲೇಸರ್ ಸಾಧನ ಸೇರಿತು. 2023ರ ಆಗಸ್ಟ್ 23ರ ಸಂಜೆ ಏನಾಯಿತೆಂದು ನಿಮಗೆಲ್ಲ ಗೊತ್ತೇ ಇದೆ.

ಅದಕ್ಕೆ ಮೂರು ದಿನ ಮೊದಲು, ಆಗಸ್ಟ್ 20ರಂದು, ಅದೇ ಜಿಲ್ಲೆಯ ಹಿರಿಯೂರು ತಾಲ್ಲೂಕಿನ ಹೊಲದಲ್ಲಿ ಡಿಆರ್‌ಡಿಒದ ‘ತಪಸ್’ ಡ್ರೋನ್ ಪರೀಕ್ಷಾ ಹಾರಾಟದಲ್ಲಿ ಬಿದ್ದಿತ್ತು. ಪತ್ರಿಕೆಗಳಲ್ಲಿ ಅದು ವೈಫಲ್ಯದ ಸುದ್ದಿಯಾಯಿತು. ನನಗೆ ಹಾಗೆ ಅನ್ನಿಸಲಿಲ್ಲ. ಬೀಳುವುದಿದ್ದರೆ ಪರೀಕ್ಷೆಯಲ್ಲೇ ಬೀಳಬೇಕು. ಚಳ್ಳಕೆರೆಯ ಅದೇ ಪರೀಕ್ಷಾ ವಲಯದಲ್ಲಿ ಇಸ್ರೋದ ರೆಕ್ಕೆಯ ವಾಹನ ‘ಪುಷ್ಪಕ್’ ಮೂರು ಸಲ ತಾನಾಗಿಯೇ ರನ್‌ವೇಗೆ ಇಳಿದದ್ದರ ಕ್ರಮ ನೋಡಿ. 2023ರ ಏಪ್ರಿಲ್ 2ರಂದು ಚಿನೂಕ್ ಹೆಲಿಕಾಪ್ಟರ್ ಅದನ್ನು ನಾಲ್ಕೂವರೆ ಕಿ.ಮೀ. ಎತ್ತರದಿಂದ ಬಿಟ್ಟಿತು. 2024ರ ಮಾರ್ಚ್ 22ರಂದು ಬೇಕೆಂದೇ 150 ಮೀಟರ್ ಪಕ್ಕಕ್ಕೆ ಸರಿಸಿ ಬಿಟ್ಟರು. ಅದೇ ಜೂನ್ 23ರಂದು ಇನ್ನೂ ಜೋರು ಗಾಳಿಯಲ್ಲಿ 500 ಮೀಟರ್ ಪಕ್ಕಕ್ಕೆ. ಒಮ್ಮೆ ಗೆದ್ದ ಮೇಲೆ ಕಷ್ಟ ಹೆಚ್ಚಿಸುತ್ತ ಹೋದರು.

ಇನ್ನು ಕಬ್ಬಿನ ವಿಷಯಕ್ಕೆ ಬರುತ್ತೇನೆ.

ಐಎಸ್‌ಒ 26262 ಎಂಬ ಮಾನದಂಡದಲ್ಲಿ ಪ್ರತಿ ಅಪಾಯಕ್ಕೆ ಮೂರು ಅಂಕ ಕೊಡಬೇಕು. ಪೆಟ್ಟು ಎಷ್ಟು ಗಂಭೀರ, ಆ ಸಂದರ್ಭ ಎಷ್ಟು ಸಲ ಎದುರಾಗುತ್ತದೆ, ಚಾಲಕ ಅದನ್ನು ಎಷ್ಟರಮಟ್ಟಿಗೆ ತಪ್ಪಿಸಿಕೊಳ್ಳಬಲ್ಲ. ಎದುರಾಗುವ ಲೆಕ್ಕಕ್ಕೆ ಒಂದರಿಂದ ನಾಲ್ಕು. ಹೆಚ್ಚಿನ ಚಾಲಕರಿಗೆ ವರ್ಷಕ್ಕೆ ಒಮ್ಮೆಯೂ ಎದುರಾಗದಿದ್ದರೆ ಒಂದು. ಹೆಚ್ಚುಕಡಿಮೆ ಪ್ರತಿ ಪ್ರಯಾಣದಲ್ಲೂ ಎದುರಾದರೆ ನಾಲ್ಕು. ನಮ್ಮ ವಿದೇಶಿ ಗ್ರಾಹಕರ ತಂಡ ‘ದೀಪವಿಲ್ಲದೆ, ಹೊರಚಾಚಿದ ಕೃಷಿ ಸರಕಿನೊಂದಿಗೆ ರಾತ್ರಿ ಹೆದ್ದಾರಿಯಲ್ಲಿರುವ ವಾಹನ’ ಎಂಬ ಸಾಲಿಗೆ ಒಂದು ಕೊಟ್ಟು ಮುಚ್ಚಿತ್ತು. ಕರೆಯಲ್ಲಿ ಆ ಕಡೆಯವರು ಸಮಾಧಾನದಿಂದಲೇ ಕೇಳಿದರು: ಇದು ನಿಜಕ್ಕೂ ಎಷ್ಟು ಸಲ ಆಗುತ್ತದೆ? ನಾನು ವಾದ ಮಾಡಲಿಲ್ಲ. ಜನವರಿಯ ಒಂದು ರಾತ್ರಿ ಕಾಗಲ್‌ನಿಂದ ಮುಧೋಳದವರೆಗೆ ಡ್ಯಾಶ್‌ಬೋರ್ಡ್ ಕ್ಯಾಮೆರಾ ಇಟ್ಟು ಮಾಡಿದ ವಿಡಿಯೊವನ್ನು ಕತ್ತರಿಸದೆ ಹಾಕಿದೆ. ಇಪ್ಪತ್ತು ನಿಮಿಷದ ನಂತರ ಅವರೇ ‘ಸಾಕು’ ಎಂದರು. ಒಂದು ಇದ್ದದ್ದು ನಾಲ್ಕಾಯಿತು.

ಅಂಕ ಬದಲಾದರೆ ಪರೀಕ್ಷೆ ಆಗಲೇಬೇಕು. ಸ್ಪಂಜಿನ ಕಬ್ಬು ಎಲ್ಲೂ ಸಿಗುವುದಿಲ್ಲ. ಹಗುರವಾದ ಚೌಕಟ್ಟಿಗೆ ಹಳೆಯ ಟ್ರೇಲರಿನ ತಗಡು ಬಡಿದು, ಹಡಪಸರ್‌ನ ರಸವಂತಿ ಅಂಗಡಿಯಿಂದ ತಂದ ನಿಜವಾದ ಕಬ್ಬಿನ ಕಟ್ಟುಗಳನ್ನು ಹಿಂದಕ್ಕೆ ಚಾಚುವಂತೆ ಕಟ್ಟಿದೆವು. ‘ಪರೀಕ್ಷಾ ಸಾಮಗ್ರಿ: ಕಬ್ಬು’ ಎಂಬ ಬಿಲ್ಲನ್ನು ಲೆಕ್ಕಪತ್ರ ವಿಭಾಗದವರು ಎರಡು ಸಲ ವಾಪಸ್ ಕಳಿಸಿದರು. ಉಳಿದ ಕಬ್ಬನ್ನು ಟ್ರ್ಯಾಕಿನ ಹುಡುಗರು ಸಿಗಿದು ತಿಂದರು.

ಹಗಲಿನಲ್ಲಿ ಕಾರು ಚೆನ್ನಾಗಿ ನಿಂತಿತು. ರಾತ್ರಿಯೂ ನಿಂತಿತು, ಅದೇ ತೊಂದರೆ. ಕತ್ತಲಲ್ಲಿ ಕ್ಯಾಮೆರಾಕ್ಕೆ ಹೆಚ್ಚೇನೂ ತಿಳಿಯದೆ ವ್ಯವಸ್ಥೆ ರೇಡಾರ್ ಅನ್ನು ನಂಬಿತು. ರೇಡಾರ್‌ನ ಅಲೆ ಲೋಹಕ್ಕೆ ಬಡಿದು ಮರಳುವಷ್ಟು ಬಲವಾಗಿ ಕಬ್ಬಿಗೆ ಬಡಿದು ಮರಳುವುದಿಲ್ಲ. ಕಾರು ಅಳೆದದ್ದು ಕಬ್ಬಿನ ಹಿಂದಿದ್ದ ತಗಡಿನ ದೂರವನ್ನು. ತಗಡಿಗೆ ಸರಿಯಾದ ಅಂತರ ಬಿಟ್ಟು, ಪುಸ್ತಕದಲ್ಲಿ ಬರೆದಂತೆ ನಿಂತಿತು. ಜಲ್ಲೆಗಳ ತುದಿ ಮುಂದಿನ ಗಾಜಿಗೆ ತಾಗಿತ್ತು, ಚಾಲಕನ ಮುಖದ ಎತ್ತರಕ್ಕೆ.

ಬಂಪರ್ ಯಾವುದಕ್ಕೂ ತಾಗಿಲ್ಲವಾದ್ದರಿಂದ ಇದನ್ನು ಪಾಸ್ ಎಂದು ಬರೆಯಬಹುದು ಎಂಬ ವಾದವೂ ಬಂತು. ಬಿಡುಗಡೆಯ ದಿನ ಹತ್ತಿರ ಇತ್ತು. ವರದಿಯ ಕೆಳಗೆ ಸಹಿ ನನ್ನದು, ನಾನು ಫೇಲ್ ಎಂದೇ ಬರೆದೆ. ಎರಡು ವಾರ ಎಲ್ಲರ ಮುಖ ಗಂಟು. ಅಂತರವನ್ನು ಎರಡು ಮೀಟರ್ ಹೆಚ್ಚಿಸಿಬಿಡಿ ಎಂಬ ಸುಲಭ ಉಪಾಯವನ್ನೂ ನೋಡಿದೆವು. ಪುಣೆಯ ಟ್ರಾಫಿಕ್ಕಿನಲ್ಲಿ ಕಾರು ಹೆಜ್ಜೆಹೆಜ್ಜೆಗೂ ಸುಮ್ಮನೆ ಬ್ರೇಕ್ ಹಾಕತೊಡಗಿತು, ಮತ್ತೆ ನವಲೆ ಬ್ರಿಡ್ಜಿನ ಭಯ. ಕೊನೆಗೆ ಆದದ್ದು ಇಷ್ಟು: ರಾತ್ರಿ ಮುಂದಿರುವುದು ಏನೆಂದು ಕ್ಯಾಮೆರಾಕ್ಕೆ ಖಚಿತವಾಗದಿದ್ದರೆ ಎಚ್ಚರಿಕೆಯ ಸದ್ದು ಮೊದಲಿಗಿಂತ ಬೇಗ ಬರುತ್ತದೆ, ಮಾಲೀಕರ ಕೈಪಿಡಿಯ ಮಿತಿಗಳ ಪುಟದಲ್ಲಿ ಹೊರಚಾಚಿದ ಸರಕಿನ ಬಗ್ಗೆ ಒಂದು ಸಾಲು ಸೇರಿದೆ, ಸನ್ನಿವೇಶಗಳ ಪಟ್ಟಿಯಲ್ಲಿ ಕಬ್ಬಿನ ಟ್ರೇಲರ್‌ಗೆ ಕಾಯಂ ಸಂಖ್ಯೆ ಸಿಕ್ಕಿದೆ. ಪೂರ್ತಿ ಪರಿಹಾರ ಇನ್ನೂ ಆಗಿಲ್ಲ. ನಿಮ್ಮ ಕಾರಿನಲ್ಲಿ ಅಡಾಸ್ ಇದ್ದರೆ ಆ ಮಿತಿಗಳ ಪುಟವನ್ನು ದಯವಿಟ್ಟು ಒಮ್ಮೆ ಓದಿ. ಬರೆದವರು ಬಹಳ ಜಗಳವಾಡಿ ಬರೆದಿರುತ್ತಾರೆ.

ಊರಲ್ಲಿ ನಮ್ಮ ಕಾಕಾ ಹಂಗಾಮಿನಲ್ಲಿ ಇಂಥದ್ದೇ ಟ್ರ್ಯಾಕ್ಟರ್ ಹೊಡೆಯುತ್ತಾರೆ. ಈ ಕಥೆಯೆಲ್ಲ ಹೇಳಿದೆ. ಕೇಳಿ, ‘ಅಲ್ಲೋ ತಮ್ಮಾ, ಕಡೀಕ ನಿಮ್ಮ ಗಾಡಿಗೆ ನನ್ನ ಟ್ರೇಲರ್ ಕಾಣತೈತೋ ಇಲ್ಲೋ?’ ಎಂದರು.

‘ಹಗಲ ಕಾಣತೈತಿ ಕಾಕಾ. ರಾತ್ರಿದು ಇನ್ನೂ ಕಲಿಸಾಕತ್ತೀವಿ.’

‘ನೀವು ಕಲಿಸೂತನಕ ನಾನ ಒಂದು ಕೆಂಪು ದೀಪ ಕಟ್ಟತೀನಿ ಬಿಡು.’

ಕಟ್ಟಿದ್ದಾರೆ ಕೂಡ, ಕಬ್ಬಿನ ತುದಿಗೆ, ಬ್ಯಾಟರಿಯದು. ಜೊತೆಗೆ ನನಗೊಂದು ಹೊಸ ಕೆಲಸವನ್ನೂ ಹಚ್ಚಿದ್ದಾರೆ. ಗಾಡಿಗಳು ಹಾಯ್ದು ಕಾಳು ಉದುರಲಿ ಎಂದು ರಸ್ತೆಯ ಮೇಲೆ ಹುರುಳಿ ಹರಡಿದಾಗ ನಿಮ್ಮ ಕಾರು ಏನು ಮಾಡುತ್ತದೆ ಎಂಬುದು ಅವರ ಪ್ರಶ್ನೆ. ಹಾಯ್ದು ಹೋಗಬೇಕೋ, ನಿಲ್ಲಬೇಕೋ? ಹಸಿ ಬಳ್ಳಿಯ ಮೇಲೆ ಬ್ರೇಕ್ ಹಾಕಿದರೆ ಟೈರ್ ಜಾರುತ್ತದೆ, ಗುಡ್ಡೆಯ ಹಿಂದೆ ಯಾರಾದರೂ ಕುಳಿತು ಕಾಳು ಕೇರುತ್ತಿರಲೂಬಹುದು. ಸೋಮವಾರ ಅದನ್ನು ಪಟ್ಟಿಗೆ ಸೇರಿಸಿದೆ. ಎದುರಾಗುವ ಅಂಕದ ಖಾನೆ ಸದ್ಯಕ್ಕೆ ಖಾಲಿ ಇದೆ.